ತೋಡಿನ ಜಿಗಣೆ, ಕಣಿಯ ಕೆಂಪುಹುಳು

ಮಳೆಗಾಲದಲ್ಲಿ ತೋಡು ದಾಟಿ ಶಾಲೆಗೆ ಬರುವ ನಮ್ಮ ಮಕ್ಕಳಿಗೆ ಜಿಗಣೆಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಕನ್ನಡದ ಜಿಗಣೆಯೇ ಮಲೆಯಾಳದ ಅಟ್ಟ, ಸಂಸ್ಕೃತದಲ್ಲಿ ಜಲೌಕ. ಹೆಸರು ಯಾವುದಾದರೂ ಕಾಲಿಗೆ ಹತ್ತಿದಾಗ ನಾವೆಲ್ಲ ಕಿರಿಚುವುದು ಒಂದೇ ಭಾಷೆಯಲ್ಲಿ! ಆದರೆ ಇದು ಎರೆಹುಳುವಿನ ಹತ್ತಿರದ ನೆಂಟ ಎಂದರೆ ಹಲವರು ನಂಬುವುದಿಲ್ಲ.

ಎರಡರ ಮೈಯೂ ಬಳೆಗಳನ್ನು ಸಾಲಾಗಿ ಜೋಡಿಸಿದಂತೆ ಇದೆ. ಆದುದರಿಂದಲೇ ಇವು ವಲಯವಂತಗಳು. ಲಿನೇಯಸನು 1758ರಲ್ಲಿ ಹುಳು, ಬಸವನಹುಳು, ಲೋಳೆಮೀನುಗಳನ್ನೆಲ್ಲ ಒಂದೇ ಗೋಣಿಯಲ್ಲಿ ತುಂಬಿದ್ದನು. ವಲಯವಂತಗಳನ್ನು ಬೇರೆ ಗುಂಪಾಗಿ ತೆಗೆದವನು ಲಾಮಾರ್ಕ್. ಮೈಮೇಲೆ ಬಿರುಗೂದಲು ಹೆಚ್ಚಿರುವ ಕಡಲಹುಳುಗಳು, ಕೆಲವೇ ಕೂದಲಿರುವ ಎರೆಹುಳುಗಳು, ಕೂದಲಿಲ್ಲದ ಜಿಗಣೆಗಳು ಎಂದು ಮೂರು ವರ್ಗಗಳನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಈಗ ಆ ಲೆಕ್ಕ ಬದಲಾಗಿದೆ. ಡಿ.ಎನ್.ಎ. ಪರೀಕ್ಷಿಸಿದಾಗ ಜಿಗಣೆಯು ಎರೆಹುಳುಗಳ ವಂಶದೊಳಗಿಂದಲೇ ಒಡೆದ ಕವಲೆಂದು ತಿಳಿದುಬಂತು. ಎರೆಹುಳು, ಜಿಗಣೆಗಳೆರಡರಲ್ಲೂ ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿವೆ. ಮೈಯ ಮೇಲಿನ ಪಟ್ಟಿಯಂತಹ ಭಾಗವು ಸ್ರವಿಸುವ ಕೋಶದಲ್ಲಿ ಮೊಟ್ಟೆಗಳು ಬೆಳೆಯುತ್ತವೆ. ಮಕ್ಕಳ ಪುಸ್ತಕವನ್ನು ಬಿಡಿಸಿ ನೋಡುವ ತಂದೆತಾಯಂದಿರು ಇದನ್ನು ಗಮನಿಸಬೇಕು.

ಜಿಗಣೆಯ ಮೈಯಲ್ಲಿ ಹೊರಗೆ ಕಾಣುವ ಗೆರೆಗಳನ್ನು ಎಣಿಸಿ ಮೋಸಹೋಗಬಾರದು. ನಡುಭಾಗದಲ್ಲಿ ಐದು ಗೆರೆಗಳಿಗೆ ಒಂದು ಖಂಡ. ಒಟ್ಟು ಖಂಡಗಳು 33. ಎರಡು ತುದಿಗಳಲ್ಲಿ ಹೀರುಬಟ್ಟಲು. ದನದ ಜಿಗಣೆಯ ಬಾಯಲ್ಲಿ ಮೂರು ದವಡೆಗಳಿರುವುದರಿಂದ ಗಾಯವೂ ಮೂರು ಕವಲಾಗಿರುತ್ತದೆ. ಅದು ಬಿಟ್ಟುಹೋದ ಮೇಲೂ ರಕ್ತ ನಿಲ್ಲದೆ ಹರಿಯುವುದೇಕೆ? ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲ. ಇದನ್ನು 1884ರಲ್ಲಿ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದನು. ಆ ವಸ್ತುವೇ ಹಿರುಡಿನ್. ಸುಶ್ರುತನ ಗ್ರಂಥವು ವಿಷವುಳ್ಳವು ಆರು, ವಿಷವಿಲ್ಲದವು ಆರು ಎಂದು ಜಿಗಣೆಗಳನ್ನು ವಿಂಗಡಿಸಿ ಚಿಕಿತ್ಸೆಗೆ ಬಳಸುವ ಕ್ರಮವನ್ನು ಹೇಳುತ್ತದೆ.

ಕಚ್ಚಿದ ಜಿಗಣೆಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕುವುದು ಮನೆಮನೆಯ ರೂಢಿ. ನಾವೂ ಹಾಕಿದ್ದೇವೆ. ಆದರೆ ಆಗ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೆ ಕಾರಬಹುದು. ಗಾಯ ಕೀವಾಗುವ ಭಯವುಂಟು. ಉಗುರನ್ನು ಹೀರುಬಟ್ಟಲಿನ ಅಂಚಿಗೆ ತೂರಿಸಿ ಬಿಡಿಸುವುದು ಲೇಸು. ಇನ್ನೊಂದು ಮಾತು: ತೋಡಿಗೆ ಬಾಯಿಟ್ಟು ನೀರು ಕುಡಿಯಬೇಡಿ. ಮೂಗಿನೊಳಗೆ ಸೇರಿ ವಾರಗಟ್ಟಲೆ ನೆಲೆಸುವ ಜಿಗಣೆಯೂ ಇದೆ. ಅದು ಹೆಚ್ಚಾಗಿ ದನಕರುಗಳಿಗೆ ಹತ್ತುವುದಾದರೂ ಮನುಷ್ಯರನ್ನು ಬಿಟ್ಟಿಲ್ಲ.

ಕಳೆದ ವರ್ಷ ಒಬ್ಬ ಹುಡುಗ ಬಾವಿಕಟ್ಟೆಯ ಕಣಿಯಿಂದ ಬಾಟಲಿಯಲ್ಲಿ ಕೆಸರು ತಂದಿದ್ದನು. ಅದರ ಮೇಲೆ ಕೆಂಪು ನೂಲಿನ ಎಳೆಗಳು ತೂಗಾಡುತ್ತಿದ್ದವು. ಬಾಟಲಿ ಅಲುಗಿದೊಡನೆ ಎಲ್ಲವೂ ಮಾಯ! ಇವನ್ನು ಕಂಡು ಅವನ ತಾಯಿ ಬಾವಿಯ ನೀರನ್ನೇ ಬಿಟ್ಟಿದ್ದರು. ಅದು ಟ್ಯೂಬಿಫೆಕ್ಸ್ ಜಾತಿಯ ಹುಳು, ಎರೆಹುಳುವಿನದೇ ಬಳಗ. ತಲೆ ಕೆಸರಿನಲ್ಲಿ, ಬಾಲ ನೀರಿನಲ್ಲಿ. ತಿನ್ನುವುದು ಕೆಸರು, ಉಸಿರಾಡುವುದು ಬಾಲದ ತೊಗಲಿನಿಂದ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಬಾಲವನ್ನು ಹೆಚ್ಚು ಚಾಚಿ ಬೀಸುತ್ತದೆ. ನಮ್ಮ ರಕ್ತದಲ್ಲಿರುವಂತಹ ಹಿಮೋಗ್ಲೋಬಿನ್ ಅದರ ರಕ್ತದಲ್ಲೂ ಇರುವುದರಿಂದ ಕೆಂಪು. ಸೊಳ್ಳೆಯಂತಹ ಒಂದು ನೊಣದ ಮರಿಯೂ ಹೀಗೆಯೇ ಕೆಂಪಗಿರುತ್ತದೆ. ಆದರೆ ಅದಕ್ಕೆ ಸ್ಪಷ್ಟವಾದ ತಲೆಯಿದೆ, ಅದು ಕೀಟ.

ಈ ಹುಳು ಕಚ್ಚುವುದಿಲ್ಲ. ಹಾಗೆಂದು ಆ ತಾಯಿಯ ಅಂಜಿಕೆ ತೀರ ಹುಸಿಯೂ ಅಲ್ಲ. ಕೊಳೆತ ಪದಾರ್ಥ ತುಂಬಿ ಬೇರೆ ಜೀವಿಗಳು ಬಾಳಲಾರದ ಕೆಸರಿನಲ್ಲಿಯೇ ಇದು ಗುಂಪುಗುಂಪಾಗಿ ಹೆಚ್ಚುತ್ತದೆ. ಅವರ ಕಣಿ ಇದ್ದುದು ಬಾವಿಯಿಂದ ನಾಲ್ಕೇ ಮಾರು ದೂರದಲ್ಲಿ. ನಮ್ಮ ಮುರಕಲ್ಲಿನ ನೆಲವೋ ನೀರನ್ನು ಸುಲಭವಾಗಿ ಇಂಗಿಸಿಕೊಳ್ಳುವಂಥದು. ಕಣಿಯನ್ನು ದೂರಕ್ಕೆ ತಿರುಗಿಸಿ, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ ಎಂದು ಹೇಳಿ ಕಳುಹಿಸಿದೆವು.