ಬೋಳಿಸಿದರೆ ಕೂದಲು ದಟ್ಟವಾಗುತ್ತದೆಯೇ? ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ನಿಜ ಎಷ್ಟು, ನಂಬಿಕೆ ಎಷ್ಟು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಂದ ನಮಗೆ ಪದೇ ಪದೇ ಬರುವ ಫಾರ್ವರ್ಡ್ ಒಂದಿದೆ. ‘ತಿಂಗಳಿಗೊಮ್ಮೆ ತಪ್ಪದೆ ಕೂದಲು ಕತ್ತರಿಸಿ, ಎರಡು ಪಟ್ಟು ವೇಗವಾಗಿ ಬೆಳೆಯುತ್ತದೆ. ಮಗುವಿನ ತಲೆ ಮೂರು ಸಲ ಬೋಳಿಸಿ, ಜೀವನಪೂರ್ತಿ ಕೂದಲು ದಟ್ಟವಾಗಿರುತ್ತದೆ.’ ಅದರ ಜೊತೆಗೇ ಓಡಾಡುತ್ತಿರುವುದು ಒಂದು ವಿಡಿಯೊ. ಕಟಿಂಗ್ ಮುಗಿದ ಮೇಲೆ ಗಿರಾಕಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ‘ಟಕ್’ ಎಂದು ತಿರುಗಿಸುವುದು, ಕೆಳಗೆ ‘ಎಲ್ಲಾ ನೋವು ಮಾಯ’ ಎಂಬ ಬರಹ. ಮೊದಲನೆಯದನ್ನು ನಂಬಿದರೆ ಕೆಡುವುದು ಏನೂ ಇಲ್ಲ. ಎರಡನೆಯದರಿಂದ ಜೀವಕ್ಕೇ ಕುತ್ತು ಬರಬಹುದು. ಎರಡನ್ನೂ ನೋಡೋಣ. ನಡುವೆ, ಒಳ್ಳೆಯ ಕಟಿಂಗ್ ಎಂದರೆ ನಿಜವಾಗಿ ಏನು ಎಂಬುದನ್ನೂ ನೋಡೋಣ.

ಕಬ್ಬಿನಂತೆ ಕೂದಲೂ ಚಿಗುರುತ್ತದೆಯೇ?

ಹಿಡಕಲ್ ಡ್ಯಾಮಿನ ನೀರು ಹರಿಯುವ ಈ ಸೀಮೆಯಲ್ಲಿ ಕಬ್ಬು ನೋಡಿ ಬೆಳೆದವರಿಗೆ ಈ ನಂಬಿಕೆ ಸಹಜವಾಗಿಯೇ ಬಂದಿರಬಹುದು ಎಂದು ನಮಗೆ ಅನಿಸುತ್ತದೆ. ಕಬ್ಬು ಕಡಿದರೆ ಬುಡದಿಂದ ಹೊಸ ಮರಿಗಳು ಬಂದು ಕೂಳೆ ಬೆಳೆ ಆಗುತ್ತದೆ. ಕಡಿದ ಮೇಲೆ ಹೆಚ್ಚುತ್ತದೆ, ಕಣ್ಣಾರೆ ಕಂಡದ್ದು. ಆದರೆ ಕಬ್ಬಿನ ಬುಡದಲ್ಲಿ ಜೀವಂತ ಮೊಗ್ಗುಗಳಿವೆ. ಕೂದಲಿನಲ್ಲಿ ಜೀವ ಇರುವುದು ಚರ್ಮದ ಒಳಗಿನ ಬೇರಿನ ಚೀಲದಲ್ಲಿ ಮಾತ್ರ. ಹೊರಗೆ ಕಾಣುವ ಎಳೆ ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ದಾರ. ತುದಿ ಕತ್ತರಿಸಿದ ಸುದ್ದಿ ಬೇರಿಗೆ ಮುಟ್ಟುವುದೇ ಇಲ್ಲ. ಬೇರುಗಳ ಸಂಖ್ಯೆಯೂ ನಾವು ಹುಟ್ಟುವ ಮೊದಲೇ ನಿಗದಿಯಾಗಿರುತ್ತದೆ. ತಲೆಯಲ್ಲಿ ಸುಮಾರು 1 ಲಕ್ಷ ಇರುತ್ತವೆ, ಬೋಳಿಸಿದರೆ ಹೊಸವು ಹುಟ್ಟುವುದಿಲ್ಲ.

ಇದನ್ನು ಪರೀಕ್ಷಿಸಿ ನೋಡಿ ಹತ್ತಿರ ಹತ್ತಿರ 100 ವರ್ಷ ಆಯಿತು. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್‌ಡ್ರೆಡ್ ಟ್ರಾಟರ್ ನಾಲ್ವರು ಗಂಡಸರಿಗೆ ತಿಂಗಳುಗಟ್ಟಲೆ ಒಂದೇ ರೀತಿ ದಾಡಿ ಮಾಡಿಸಿ, ಬೋಳಿಸಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, 1928ರಲ್ಲಿ ಫಲಿತಾಂಶ ಪ್ರಕಟಿಸಿದರು. ದಪ್ಪವೂ ಹೆಚ್ಚಲಿಲ್ಲ, ವೇಗವೂ ಹೆಚ್ಚಲಿಲ್ಲ.

ಹಾಗಾದರೆ ಬೋಳಿಸಿದ ಮೇಲೆ ಒರಟಾಗಿ, ದಪ್ಪವಾಗಿ ಅನಿಸುವುದು ಏಕೆ? ಕತ್ತರಿ ಕಾಣದ ಎಳೆಯ ತುದಿ ಸೂಜಿಯಂತೆ ಸಣ್ಣಗಾಗಿರುತ್ತದೆ. ಕತ್ತರಿಸಿದಾಗ ಉಳಿಯುವುದು ಮಧ್ಯದ ದಪ್ಪ ಭಾಗ, ಅದೂ ಚಪ್ಪಟೆ ತುದಿಯೊಂದಿಗೆ. ಜೊತೆಗೆ ಗಿಡ್ಡ ಎಳೆ ಸುಲಭವಾಗಿ ಬಾಗುವುದಿಲ್ಲ. ಒಂದೇ ಜೋಳದ ದಂಟನ್ನು ಉದ್ದಕ್ಕೆ ಹಿಡಿದಾಗ ಬಳುಕುತ್ತದೆ, ಗೇಣುದ್ದ ಮುರಿದರೆ ಕೋಲಿನಂತೆ ಗಟ್ಟಿ ನಿಲ್ಲುತ್ತದೆ. ಅದೇ ಕಥೆ.

ಜವಳದ ವಿಷಯವೂ ಇಷ್ಟೇ. ಮನೆದೇವರ ಗುಡಿಯಲ್ಲಿ ಸೋದರಮಾವ ಮೊದಲ ಕತ್ತರಿ ಹಾಕುವುದು ಚೆಂದದ ಪದ್ಧತಿ, ಮಾಡಿಸಿ. ಆದರೆ ಮಗು ಹುಟ್ಟುವಾಗಿನ ಕೂದಲು ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಉದುರಿ, ಅದರ ಜಾಗಕ್ಕೆ ನಿಧಾನವಾಗಿ ದಪ್ಪ ಎಳೆ ಬರುತ್ತದೆ. ಜವಳದ ಹೊತ್ತಿಗೇ ಇದು ನಡೆಯುವುದರಿಂದ ಹೊಗಳಿಕೆ ಕತ್ತಿಗೆ ಹೋಗುತ್ತದೆ.

ಹಾಗಿದ್ದರೆ ಒಳ್ಳೆಯ ಕಟಿಂಗ್‌ನಿಂದ ಕೂದಲು ತುಂಬಿದಂತೆ ಕಾಣುವುದು ಸುಳ್ಳೇ?

ಸುಳ್ಳಲ್ಲ. ಕಾಣುವುದು ಬೇರೆ, ಬೆಳೆಯುವುದು ಬೇರೆ. ಇಲ್ಲಿಂದ ಮುಂದಿನದು ಪೂರ್ತಿ ಕಸುಬಿನ ಲೆಕ್ಕ, ಮತ್ತು ನಮಗೆ ಈ ಲೇಖನದಲ್ಲಿ ಅತ್ಯಂತ ಇಷ್ಟವಾದ ಭಾಗ.

ತಲೆ ಗುಂಡಗಿದೆ. ನೆತ್ತಿಯ ಎಳೆ ಭುಜದವರೆಗೆ ಬರಬೇಕಾದರೆ ಕತ್ತಿನ ಹತ್ತಿರದ ಎಳೆಗಿಂತ ಹೆಚ್ಚು ದೂರ ಸಾಗಬೇಕು. ಆದ್ದರಿಂದ ಕತ್ತರಿ ಎಲ್ಲಿ ಓಡುತ್ತದೆ ಎನ್ನುವುದಕ್ಕಿಂತ, ಕತ್ತರಿಸುವ ಕ್ಷಣದಲ್ಲಿ ಎಳೆಯನ್ನು ತಲೆಯಿಂದ ಎಷ್ಟು ಎತ್ತಿ ಹಿಡಿದಿದ್ದಾರೆ ಎನ್ನುವುದೇ ಮುಖ್ಯ. ಎತ್ತದೆ, ಬಿದ್ದ ಹಾಗೆಯೇ ಕತ್ತರಿಸಿದರೆ ಎಲ್ಲ ತುದಿಗಳೂ ಒಂದೇ ಗೆರೆಗೆ ಬರುತ್ತವೆ. ಭಾರವೆಲ್ಲ ಕೆಳಗೆ ಸೇರಿ, ತೆಳು ಕೂದಲೂ ಅಂಚಿನಲ್ಲಿ ದಟ್ಟವಾಗಿ ಕಾಣುತ್ತದೆ. ಸುಮಾರು 45 ಡಿಗ್ರಿ ಎತ್ತಿದರೆ ತುದಿಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಕೂತು ಹಿಂದೆ ಉಬ್ಬು ಬರುತ್ತದೆ. 90 ಡಿಗ್ರಿ, ಅಂದರೆ ತಲೆಗೆ ನೇರವಾಗಿ ಹೊರಗೆ ಹಿಡಿದರೆ ಎಲ್ಲ ಕಡೆಯೂ ಒಂದೇ ಉದ್ದ ಬಂದು ಭಾರ ಹಂಚಿಹೋಗುತ್ತದೆ. ಕೂದಲು ತೆಳ್ಳಗಿರುವವರು ‘ಲೇಯರ್ ಮಾಡಿ’ ಎಂದು ಕೇಳಿ, ಆಮೇಲೆ ‘ಇದ್ದದ್ದೂ ಹೋಯಿತು’ ಎಂದು ಕನ್ನಡಿ ನೋಡಿ ಬೇಸರಪಡುವುದು ಇದೇ ಕಾರಣಕ್ಕೆ. ಒಂದು ಎಳೆಯೂ ಉದುರಿರುವುದಿಲ್ಲ, ಭಾರ ಜಾಗ ಬದಲಿಸಿರುತ್ತದೆ.

ನುರಿತ ಕೈ ಮೊದಲು ಕೂದಲನ್ನು ಭಾಗ ಮಾಡಿ ಕ್ಲಿಪ್ ಹಾಕುತ್ತದೆ. ಒಂದು ಸಣ್ಣ ಸಾಲನ್ನು ಅಳತೆಗೆ ಕತ್ತರಿಸಿ, ಪ್ರತಿ ಹೊಸ ಸಾಲನ್ನೂ ಅದಕ್ಕೇ ಹೋಲಿಸುತ್ತದೆ. ಕೊನೆಗೆ ಉದ್ದಕ್ಕೆ ಕತ್ತರಿಸಿದ್ದನ್ನು ಅಡ್ಡಕ್ಕೆ ಎತ್ತಿ ನೋಡುತ್ತದೆ, ತಪ್ಪಿದ ಎಳೆ ಆಗ ಚಾಚಿಕೊಂಡು ಕಾಣುತ್ತದೆ. ಈ ಜ್ಯಾಮಿತಿಯ ಪದ್ಧತಿಯನ್ನು ಜಗತ್ತಿಗೆ ಹರಡಿದವರಲ್ಲಿ ಲಂಡನ್ನಿನ ವಿಡಾಲ್ ಸಸೂನ್ ದೊಡ್ಡ ಹೆಸರು. 1954ರಲ್ಲಿ ಸಲೂನ್ ತೆರೆದ ಅವರು 1964ರಲ್ಲಿ ಐದು ಮೂಲೆಗಳ ಕಟಿಂಗ್‌ನಿಂದ ಪ್ರಸಿದ್ಧರಾದರು. ಅದಕ್ಕೂ ಮೊದಲು ಅಲ್ಲಿನ ಹೆಂಗಸರು ವಾರಕ್ಕೊಮ್ಮೆ ರೋಲರ್ ಸುತ್ತಿಸಿಕೊಂಡು, ಸ್ಪ್ರೇ ಹೊಡೆಸಿಕೊಂಡು ಕೂರಬೇಕಿತ್ತು. ಕೋನ ಸರಿ ಇದ್ದರೆ ತೊಳೆದು ಕೊಡವಿದರೂ ಕೂದಲು ತನ್ನ ಜಾಗಕ್ಕೆ ಬಂದು ಬೀಳುತ್ತದೆ ಎಂದು ಸಸೂನ್ ತೋರಿಸಿದರು.

ಗುಂಗುರು ಕೂದಲಿನವರಿಗೆ ಒಂದು ಮಾತು. ನೀರು ಚಿಮುಕಿಸಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಮುಂಗೂದಲು ಮನೆ ಮುಟ್ಟುವಷ್ಟರಲ್ಲಿ ಹಣೆಯ ಮಧ್ಯಕ್ಕೆ ಏರಿರುತ್ತದೆ. ಕೆರಾಟಿನ್‌ನ ಒಳಗೆ ಹೈಡ್ರೋಜನ್ ಬಂಧಗಳಿವೆ. ನೀರು ತಾಗಿದಾಗ ಅವು ಬಿಡುತ್ತವೆ, ಸುರುಳಿ ಸಡಿಲಾಗಿ ಎಳೆ ಉದ್ದವಾಗುತ್ತದೆ. ಒಣಗಿದಾಗ ಮತ್ತೆ ಕಟ್ಟಿಕೊಂಡು ಸುರುಳಿ ಮೇಲೇರುತ್ತದೆ. ಒದ್ದೆ ಇರುವಾಗ ಬಾಚಣಿಗೆಯಲ್ಲಿ ಬಿಗಿಯಾಗಿ ಎಳೆದು ಹಿಡಿದರಂತೂ ಇನ್ನೂ ಹೆಚ್ಚು. ಒಂದೆರಡು ಬೆರಳು ಉದ್ದ ಬಿಡಲು ಮೊದಲೇ ಹೇಳಿ. ಸುಳಿಯ ಹತ್ತಿರವೂ ಹಾಗೆಯೇ, ಅಲ್ಲಿ ಗಿಡ್ಡ ಮಾಡಿದರೆ ಕೂದಲು ನೆಟ್ಟಗೆ ನಿಲ್ಲುತ್ತದೆ. (ಎರಡು ಸುಳಿ ಇದ್ದರೆ ಎರಡು ಮದುವೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಎರಡು ಸುಳಿಯಿದ್ದೂ ಒಂದೇ ಸಂಸಾರ ಮಾಡುತ್ತಿರುವವರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ.)

ಹುಡುಗರ ಫೇಡ್ ಏಕೆ ಎರಡೇ ವಾರಕ್ಕೆ ಕೆಡುತ್ತದೆ ಎಂದೂ ಕೇಳುತ್ತಾರೆ. ಕೂದಲು ದಿನಕ್ಕೆ ಸುಮಾರು 0.35 ಮಿಲಿಮೀಟರ್ ಬೆಳೆಯುತ್ತದೆ, 14 ದಿನಕ್ಕೆ ಸುಮಾರು 5 ಮಿ.ಮೀ. ನೆತ್ತಿಯ 8 ಸೆಂಟಿಮೀಟರ್ ಕೂದಲು 8.5 ಆದರೆ ಯಾರಿಗೂ ತಿಳಿಯುವುದಿಲ್ಲ. ಕಿವಿಯ ಮೇಲಿನ 1 ಮಿ.ಮೀ. ಕೂದಲು 6 ಆದರೆ ಆರು ಪಟ್ಟು! ಮಷಿನ್‌ನ 1 ನಂಬರ್ ಗಾರ್ಡ್ ಸುಮಾರು 3 ಮಿ.ಮೀ., 2 ನಂಬರ್ 6 ಮಿ.ಮೀ. ಬಿಡುತ್ತದೆ. ಅಂದರೆ ಹತ್ತು ದಿನದೊಳಗೆ ಒಂದು ಎರಡಾಗುತ್ತದೆ. ಕತ್ತರಿಸಿದ್ದಕ್ಕೆ ಬೇಗ ಬೆಳೆಯಿತು ಎನ್ನುವ ಭ್ರಮೆಗೆ ಈ ಲೆಕ್ಕವೂ ಒಂದು ಕಾರಣ.

ಬ್ಲೇಡ್ ವಿಷಯ ಚಿಕ್ಕದಾಗಿ: ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಡೆಟಾಲ್ ನೀರಿನಲ್ಲಿ ಅದ್ದಿ ತೆಗೆದ ಹಳೆಯ ಬ್ಲೇಡ್ ಬೇಡ, ಕಾಗದ ಬಿಚ್ಚಿ ಹೊಸ ಅರ್ಧ ಬ್ಲೇಡ್ ಹಾಕುವುದನ್ನು ಕಣ್ಣಾರೆ ನೋಡಿ. ಒಂದೇ ಆಲಂ ಕಲ್ಲನ್ನು ಎಲ್ಲರ ಗಾಯಕ್ಕೂ ಉಜ್ಜುವುದೂ ಬೇಡ.

ಕುತ್ತಿಗೆ ‘ಟಕ್’ ಅನ್ನಿಸಿದರೆ ನೋವು ಹೋಗುತ್ತದೆಯೇ?

ಆ ಶಬ್ದ ಮೂಳೆ ಜಾಗಕ್ಕೆ ಕೂತದ್ದರ ಗುರುತಲ್ಲ. ಕೀಲಿನ ದ್ರವದಲ್ಲಿರುವ ಅನಿಲದಿಂದ ಬರುವ ಸದ್ದು ಅದು. ಮಾಲೀಸಿನಿಂದ ಸ್ನಾಯು ಸಡಿಲಾಗಿ ಹಾಯೆನಿಸುವುದು ನಿಜ, ಅದಕ್ಕೆ ತಲೆ ತಿರುಚಬೇಕಾಗಿಲ್ಲ.

ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ರಕ್ತನಾಳಗಳು ಕುತ್ತಿಗೆಯ ಮೂಲಕವೇ ಹೋಗುತ್ತವೆ. ಮುಂದೆ ಎರಡು, ಹಿಂದೆ ಎರಡು. ಹಿಂದಿನವು ಕತ್ತಿನ ಮೂಳೆಗಳ ರಂಧ್ರಗಳ ಒಳಗೇ ಹಾದುಹೋಗುವುದರಿಂದ ತಿರುಚಿದಾಗ ಸರಿದುಕೊಳ್ಳಲು ಜಾಗ ಕಡಿಮೆ. ಜೋರಾಗಿ ತಿರುಗಿಸಿದಾಗ ನಾಳದ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಬಳ್ಳಾರಿ ಕಡೆಯ 30 ವರ್ಷದ ಕಾರ್ಮಿಕರೊಬ್ಬರಿಗೆ ಹೀಗೆಯೇ ಆಗಿದ್ದು 2024ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಕಟಿಂಗ್ ನಂತರ ಉಚಿತ ಮಾಲೀಸು, ಒಂದು ತಿರುಚು, ಕೆಲವೇ ಗಂಟೆಗಳಲ್ಲಿ ಮಾತು ತೊದಲಿ ಎಡಭಾಗದ ಬಲ ಹೋಯಿತು. ಪರೀಕ್ಷೆಯಲ್ಲಿ ಕುತ್ತಿಗೆಯ ರಕ್ತನಾಳ ಹರಿದದ್ದು ಕಂಡಿತು. ಅವರು ಚಿಕಿತ್ಸೆಯಿಂದ ಚೇತರಿಸಿಕೊಂಡರು. ಬ್ಯೂಟಿ ಪಾರ್ಲರ್‌ನಲ್ಲಿ ಬೇಸಿನ್ ಮೇಲೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ತಲೆ ತೊಳೆಸಿಕೊಂಡ ಐವರು ಮಹಿಳೆಯರಲ್ಲಿ ಇಂಥದ್ದೇ ತೊಂದರೆಯನ್ನು ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್ 1993ರಲ್ಲೇ ದಾಖಲಿಸಿದ್ದರು.

ಇದು ಅಪರೂಪ, ಕಟಿಂಗ್ ಅಂಗಡಿಗೆ ಹೋಗಲು ಹೆದರಬೇಕಿಲ್ಲ. ಕಟಿಂಗ್ ಮಾಡುವವರ ಮೇಲೆ ಸಿಟ್ಟಾಗುವುದೂ ಸರಿಯಲ್ಲ. ಎಷ್ಟೋ ಗಿರಾಕಿಗಳು ತಾವೇ ಕೇಳಿ ತಿರುಗಿಸಿಕೊಳ್ಳುತ್ತಾರೆ. ‘ಅಣ್ಣಾರ, ಕುತ್ತಿಗಿ ತಿರವಬ್ಯಾಡ್ರಿ, ಮಾಲೀಸಷ್ಟ ಸಾಕ್ರಿ’ ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತಿರುಗಿಸಿದ ಮೇಲೆ ಹಿಂದೆಂದೂ ಬರದಂಥ ಕುತ್ತಿಗೆ ಅಥವಾ ತಲೆನೋವು, ತಲೆಸುತ್ತು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು ಕಂಡರೆ, ಅದು ಮರುದಿನ ಅಥವಾ ನಾಲ್ಕು ದಿನ ಬಿಟ್ಟು ಬಂದರೂ, ಮತ್ತೊಮ್ಮೆ ಮಾಲೀಸು ಮಾಡಿಸಬೇಡಿ, ಮಲಗಿ ನೋಡೋಣ ಎನ್ನಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ತಲುಪಿರಬೇಕು. ಹಳ್ಳಿಯಿಂದ ಬೆಳಗಾವಿಯಂಥ ದೊಡ್ಡ ಊರಿಗೆ ಹೋಗುವ ಹೊತ್ತೂ ಅದರಲ್ಲೇ ಸೇರಿದೆ. ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು, ಕುತ್ತಿಗೆ ಯಾವಾಗ ತಿರುಗಿಸಿದರು ಎಂಬ ಎರಡನ್ನೂ ವೈದ್ಯರಿಗೆ ಹೋದ ಕೂಡಲೇ ಹೇಳಿ.