ಮಾತ್ರೆ ನಡೆಯುತ್ತಿರುವಾಗ ಪ್ಯಾಚ್ ಟೆಸ್ಟ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಒಂದು ಹದ ಮಳೆಯಾದರೆ ಸಾಕು, ಬದುವಿನ ಮೇಲೆ, ಮರದ ಸಾಲುಗಳ ನಡುವೆ ಕಾಂಗ್ರೆಸ್ ಗಿಡ ಎದ್ದುಬಿಡುತ್ತದೆ. ಪಾರ್ಥೇನಿಯಂ ಎಂಬ ಈ ಕಳೆ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಅದರ ಎಲೆ, ಹೂವಿನ ಮೇಲಿನ ಸಣ್ಣ ರೋಮಗಳಲ್ಲಿರುವ ಪಾರ್ಥೆನಿನ್ ಒಣಪುಡಿಯ ಜೊತೆ ಗಾಳಿಯಲ್ಲಿ ತೇಲುತ್ತದೆ. ಅದು ಒಗ್ಗದವರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ವಿಪರೀತ ಕೆರೆತ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಗಿಡ ಕಿತ್ತವರಿಗಷ್ಟೇ ಅಲ್ಲ, ಪಕ್ಕದಲ್ಲಿ ಕಾಯಿ ಸುಲಿಯುತ್ತ ಕೂತವರಿಗೂ ಬರಬಹುದು.

ಕೆರೆತಕ್ಕೆಲ್ಲ ಈ ಗಿಡವೇ ಕಾರಣವಲ್ಲ. ಸಿಮೆಂಟು, ರಬ್ಬರ್ ಚಪ್ಪಲಿ, ತಲೆಗೆ ಹಚ್ಚುವ ಬಣ್ಣ, ಕೊನೆಗೆ ಹಚ್ಚಿಕೊಂಡ ಮುಲಾಮೂ ಆಗಬಹುದು. ಯಾವುದೆಂದು ತಿಳಿಯಲು 1895ರಲ್ಲಿ ಜರ್ಮನ್ ವೈದ್ಯ ಯೋಸೆಫ್ ಯಾಡಾಸೋನ್ ತೋರಿಸಿಕೊಟ್ಟ ದಾರಿಯೇ ಪ್ಯಾಚ್ ಟೆಸ್ಟ್. ಪುಟ್ಟ ಬಿಲ್ಲೆಗಳಲ್ಲಿ ಒಂದೊಂದು ವಸ್ತುವನ್ನಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಯಾದ ಮೇಲೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಒಗ್ಗದ ವಸ್ತುವಿದ್ದ ಜಾಗ ಕೆಂಪಾಗಿ ಉಬ್ಬಿ, ಕೆಲವೊಮ್ಮೆ ನೀರುಗುಳ್ಳೆ ಏಳುತ್ತದೆ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರಬಾರದು. ಮರ ಹತ್ತುವ, ಕಾಯಿ ಸುಲಿಯುವ ಕೆಲಸ ಬಂದ್.

ತೊಡಕು ಇರುವುದು ಇಲ್ಲಿ. ಬೆನ್ನಿನ ಮೇಲೆ ಗುರುತು ಏಳಿಸುವುದು ರಕ್ತದ ಟಿ-ಕೋಶಗಳು. ಕಾಂಗ್ರೆಸ್ ಗಿಡದ ನಂಜಿಗೆ ಕೊಡುವ ಪ್ರೆಡ್ನಿಸೊಲೋನ್, ಅಜಥಯೋಪ್ರಿನ್ ಮಾತ್ರೆಗಳು ತಣ್ಣಗಾಗಿಸುವುದೂ ಅವನ್ನೇ. ಹಾಗಾಗಿ ಅಲರ್ಜಿ ಇದ್ದೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಪ್ರೆಡ್ನಿಸೊಲೋನ್ ದಿನಕ್ಕೆ 10 ಮಿಲಿಗ್ರಾಂ ದಾಟಿದರೆ ಈ ಅನುಮಾನ ಹೆಚ್ಚು. ಸೈಕ್ಲೊಸ್ಪೊರಿನ್‌ಗೂ ಇದೇ ಮಾತು. ಮೆಥೊಟ್ರೆಕ್ಸೇಟ್ ಅಡ್ಡಿ ಮಾಡುವುದು ಕಡಿಮೆ. ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಒಂದು ವಾರ ಮೊದಲೇ ನಿಲ್ಲಿಸಬೇಕು. ಕೆರೆತಕ್ಕೆ ನುಂಗುವ ಸೆಟಿರಿಜಿನ್‌ನಿಂದ ಅಷ್ಟು ತೊಂದರೆಯಿಲ್ಲ.

ಹಾಗೆಂದು ಪರೀಕ್ಷೆ ಬೇಡವೆನ್ನಲಾಗದು. ಮಾತ್ರೆಯ ನಡುವೆಯೂ ಗುರುತು ಎದ್ದರೆ ಆ ಫಲಿತಾಂಶಕ್ಕೆ ಬೆಲೆಯಿದೆ. ಪರೀಕ್ಷೆಗಾಗಿ ನೀವಾಗಿಯೇ ಮಾತ್ರೆ ಬಿಡುವುದು ಮಾತ್ರ ಅಪಾಯ: ಬಹುಕಾಲ ನುಂಗಿದ ಸ್ಟೀರಾಯ್ಡ್ ತಟ್ಟನೆ ನಿಂತರೆ ರಕ್ತದೊತ್ತಡ ಕುಸಿಯಬಹುದು, ಇಂಥ ಮಾತ್ರೆಗಳ ಮೇಲಿರುವ ಕಿಡ್ನಿ ಕಸಿಯಾದವರು ಅವನ್ನು ಬಿಟ್ಟರೆ ಕಿಡ್ನಿಯನ್ನೇ ಕಳೆದುಕೊಳ್ಳಬಹುದು.

ಔಷಧಿ ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಮಾತ್ರೆ, ಹಿಂದಿನ ವಾರ ಚುಚ್ಚಿಸಿಕೊಂಡ ಇಂಜೆಕ್ಷನ್, ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್‌ಗಳನ್ನೂ ಕೊಂಡೊಯ್ಯಿರಿ. ಬೆನ್ನಿನ ಮೇಲೆ ಏನೂ ಏಳಲಿಲ್ಲವೆಂದು ಮರುದಿನವೇ ಬರಿಗೈಯಲ್ಲಿ ಕಾಂಗ್ರೆಸ್ ಗಿಡ ಕೀಳಲು ಇಳಿಯದೆ, ಮಾತ್ರೆಯ ಪ್ರಮಾಣ ಇಳಿದಾಗ ಇನ್ನೊಮ್ಮೆ ಪರೀಕ್ಷೆ ಬೇಕೇ ಎಂದು ಕೇಳಿ.