ಅಲುಗದೆ ನಿಲ್ಲುವ ಗಡಿಬಿಡಿ

ಉತ್ಥಿತ ಹಸ್ತ ಪಾದಾಂಗುಷ್ಠಾಸನ ಎಂದರೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮುಂದಕ್ಕೆ ಚಾಚಿ, ಅದರ ಹೆಬ್ಬೆರಳನ್ನು ಕೈಯಲ್ಲಿ ಹಿಡಿಯುವುದು. ಮೈಸೂರಿನ ಗೋಕುಲಂನಲ್ಲಿ ಬೆಳಕು ಹರಿಯುವ ಮುಂಚೆಯೇ ಇದನ್ನು ಸಾಧಿಸಲು ದೇಶವಿದೇಶದವರು ಬೆವರಿಳಿಸುತ್ತಾರೆ. 1948ರಲ್ಲಿ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದ ಕೆ. ಪಟ್ಟಾಭಿ ಜೋಯಿಸ್ ಅವರು 2002ರಲ್ಲಿ ಶಾಲೆಯನ್ನು ಗೋಕುಲಂಗೆ ತಂದ ಮೇಲೆ ಈ ಬಡಾವಣೆಯ ಹೆಸರು ಲೋಕದ ಯೋಗಾಭ್ಯಾಸಿಗಳಿಗೆಲ್ಲ ಪರಿಚಿತವಾಯಿತು. ಆ ಭಂಗಿಯಲ್ಲಿ ನಿಂತವರನ್ನು ನೋಡಿದರೆ ಐದು ಉಸಿರಿನಷ್ಟು ಹೊತ್ತು ಏನೂ ನಡೆಯದಂತೆ ತೋರುತ್ತದೆ. ಒಳಗಿನ ಲೆಕ್ಕ ತೆಗೆದರೆ ಮಾತ್ರ, ಮನುಷ್ಯನ ನರಮಂಡಲಕ್ಕೆ ಇದಕ್ಕಿಂತ ಗಡಿಬಿಡಿಯ ಹೊತ್ತು ಇನ್ನೊಂದಿರಲಾರದು.

ಎರಡು ಕಾಲ ಮೇಲೆ ಸುಮ್ಮನೆ ನಿಂತಾಗಲೂ ದೇಹ ಹಿಂದಕ್ಕೂ ಮುಂದಕ್ಕೂ ತೊನೆಯುತ್ತಲೇ ಇರುತ್ತದೆ. ಬೀಳದಂತೆ ತಡೆಯಲು ಮೀನಖಂಡದ ಸ್ನಾಯು ಸೆಕೆಂಡಿಗೆ ಎರಡು ಮೂರು ಬಾರಿ ತಿದ್ದುಪಡಿ ಮಾಡುತ್ತದೆ. ತಿದ್ದಬೇಕಾದರೆ ಮೊದಲು ಸುದ್ದಿ ಬೇಕು. ಅಂಗಾಲಿನ ಚರ್ಮ ಒತ್ತಡವನ್ನು ವರದಿ ಮಾಡುತ್ತದೆ. ಸ್ನಾಯುವಿನೊಳಗೆ ಹುದುಗಿದ ಸಣ್ಣ ಅಂಗಗಳು ಅದು ಎಷ್ಟು ಹಿಗ್ಗಿತೆಂದು ಹೇಳುತ್ತವೆ. ಒಳಗಿವಿಯಲ್ಲಿ, ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ದ್ರವದ ಕೊಳವೆಗಳು ತಲೆಯ ತಿರುವನ್ನು ಅಳೆಯುತ್ತವೆ. ಕೂದಲಿನಂಥ ಎಳೆಗಳ ಮೇಲೆ ಕೂತ ಕ್ಯಾಲ್ಸಿಯಂ ಕಾರ್ಬೋನೇಟ್ ಹರಳುಗಳು ಭೂಮಿಯ ಸೆಳೆತ ಯಾವ ಕಡೆಗೆಂದು ತಿಳಿಸುತ್ತವೆ. ಜೊತೆಗೆ ಕಣ್ಣು. ಆಸನದಲ್ಲಿ ದೃಷ್ಟಿಯನ್ನು ಒಂದೆಡೆ ನಿಲ್ಲಿಸಿ ಎಂದು ಗುರುಗಳು ಹೇಳುವುದಕ್ಕೆ ದೇಹದ ಮಟ್ಟದಲ್ಲೂ ಕಾರಣವಿದೆ: ಕಣ್ಣು ಮುಚ್ಚಿದ ಕ್ಷಣ ತೊನೆದಾಟ ಹೆಚ್ಚುತ್ತದೆ.

ಈ ವರದಿಗಾರರ ಸೂಕ್ಷ್ಮತೆ ನಂಬಲು ಕಷ್ಟವಾಗುವಂಥದ್ದು. ಒಂದೊಂದು ಕಣ್ಣಿನಲ್ಲೂ ಸುಮಾರು 12 ಕೋಟಿ ದಂಡಕೋಶಗಳಿವೆ. ಕತ್ತಲೆಗೆ ಹೊಂದಿಕೊಂಡ ದಂಡಕೋಶಕ್ಕೆ ಬೆಳಕಿನ ಒಂದೇ ಒಂದು ಕಣ ತಗುಲಿದರೂ ಅದು ಸ್ಪಂದಿಸುತ್ತದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಬೆರಳ ತುದಿಗಳು ಕೇವಲ 13 ನ್ಯಾನೊಮೀಟರ್ ಎತ್ತರದ ಸುಕ್ಕುಗಳಿದ್ದ ಮೇಲ್ಮೈಯನ್ನು ನಯವಾದ ಮೇಲ್ಮೈಯಿಂದ ಬೇರೆಯೆಂದು ಗುರುತಿಸಿದವು. ಒಂದು ಮಿಲಿಮೀಟರಿನಲ್ಲಿ ಅಂಥ 75 ಸಾವಿರಕ್ಕೂ ಹೆಚ್ಚು ಎತ್ತರಗಳು ಅಡಗುತ್ತವೆ.

ಸುದ್ದಿ ಹೊರಡುವುದು ವಿದ್ಯುತ್ತಿನ ರೂಪದಲ್ಲಿ. ನರಕೋಶದ ಪೊರೆಯ ಒಳಗೂ ಹೊರಗೂ ಇರುವ ವ್ಯತ್ಯಾಸ 0.07 ವೋಲ್ಟ್, ಪೆನ್‌ಸೆಲ್ ಬ್ಯಾಟರಿಯ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ಪೊರೆಯ ದಪ್ಪ ಸುಮಾರು 7 ನ್ಯಾನೊಮೀಟರ್ ಮಾತ್ರ. ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟ್! ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಅದರ ಮೂರು ಪಟ್ಟು ತೀವ್ರತೆಯನ್ನು ನಮ್ಮ ಪ್ರತಿ ನರಕೋಶದ ಪೊರೆಯೂ ಸದ್ದಿಲ್ಲದೆ ಹೊತ್ತಿದೆ.

ಇಂಥ ಕೋಶಗಳು ಮಿದುಳಿನಲ್ಲಿ ಎಷ್ಟಿವೆ? 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು ಎಣಿಸಿ ಕೊಟ್ಟ ಉತ್ತರ ಸುಮಾರು 8,600 ಕೋಟಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಒಬ್ಬರ ಮಿದುಳಿನ ನರಕೋಶಗಳನ್ನು ಇಡೀ ರಾಜ್ಯಕ್ಕೆ ಹಂಚಿದರೆ ತಲೆಗೆ 1,400 ಬರುತ್ತವೆ. ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ 2,700 ವರ್ಷ ಬೇಕು. ಹಲ್ಮಿಡಿ ಶಾಸನಕ್ಕೂ ಸಾವಿರ ವರ್ಷ ಮೊದಲು ಆರಂಭಿಸಿದ್ದರೂ ಇನ್ನೂ ಮುಗಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅಚ್ಚರಿ ಈ ಕೋಶಗಳ ಹಂಚಿಕೆಯಲ್ಲಿದೆ. ಯೋಚನೆ, ಮಾತು, ನೆನಪುಗಳಿಗೆ ಹೆಸರಾದ ಮಿದುಳಿನ ಹೊರಪದರದಲ್ಲಿ ಇರುವುದು ಸುಮಾರು 1,600 ಕೋಟಿ. ಮಿದುಳಿನ ತೂಕದಲ್ಲಿ ಹತ್ತನೇ ಒಂದು ಪಾಲಿರುವ, ಚಲನೆಯನ್ನೂ ಸಮತೋಲವನ್ನೂ ನಯಗೊಳಿಸುವ ಕಿರುಮೆದುಳಿನಲ್ಲಿ 6,900 ಕೋಟಿ.

ಅಷ್ಟೊಂದು ಏಕೆ ಬೇಕು ಎನ್ನುವುದಕ್ಕೆ ಒಂದು ಸುಳಿವು ವೇಗದಲ್ಲಿದೆ. ನರದ ವೇಗವನ್ನು ಅಳೆಯಲಾಗದು ಎಂದು ವಿಜ್ಞಾನಿಗಳು ನಂಬಿದ್ದ ಕಾಲದಲ್ಲಿ, 1850ರ ಸುಮಾರಿಗೆ, ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದನ್ನು ಅಳೆದರು: ಸೆಕೆಂಡಿಗೆ 30 ಮೀಟರ್ ಆಸುಪಾಸು. ಮನುಷ್ಯನ ಅತಿ ವೇಗದ ನರಗಳು ಸೆಕೆಂಡಿಗೆ 120 ಮೀಟರ್ ಮುಟ್ಟುತ್ತವೆ. ಮಂದ ನೋವನ್ನು ಒಯ್ಯುವ ನರಗಳದ್ದು ಸುಮಾರು ಒಂದು ಮೀಟರ್. ಬೆಂಗಳೂರಿನಿಂದ ಮೈಸೂರಿಗೆ 140 ಕಿಲೋಮೀಟರ್ ಉದ್ದದ ನರವೊಂದನ್ನು ಎಳೆದರೆ ವೇಗದ ಸುದ್ದಿ ಇಪ್ಪತ್ತು ನಿಮಿಷದೊಳಗೆ ತಲುಪುತ್ತದೆ, ಮಂದ ನೋವಿಗೆ 39 ಗಂಟೆ ಹಿಡಿಯುತ್ತದೆ. ಆಪ್ಟಿಕಲ್ ಫೈಬರ್ ಕೇಬಲಿಗೆ ಅದು ಒಂದು ಮಿಲಿಸೆಕೆಂಡಿನ ಕೆಲಸ.

ಹೀಗಾಗಿ ಪಾದದ ಸುದ್ದಿ ಮಿದುಳಿಗೆ ಮುಟ್ಟುವಾಗ ಸುಮಾರು 40 ಮಿಲಿಸೆಕೆಂಡ್ ಹಳತು. ತೂಕ ತಪ್ಪಿದಾಗ ಕಾಲಿನ ಸ್ನಾಯು ಸಾವರಿಸಿಕೊಳ್ಳಲು ತೊಡಗುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಹಳೆಯ ಸುದ್ದಿಯನ್ನಷ್ಟೇ ನಂಬಿ ಕೂತರೆ ಬೀಳುವುದೇ ಗತಿ. ಆದ್ದರಿಂದ ನರಮಂಡಲ ಮುಂದಿನದನ್ನು ಊಹಿಸುತ್ತದೆ. ನಿಂತವರು ಕೈಯೆತ್ತಲು ಹೊರಟಾಗ, ಭುಜದ ಸ್ನಾಯುವಿಗಿಂತ ಮೊದಲೇ ಕಾಲಿನ ಸ್ನಾಯು ಬಿಗಿಯುತ್ತದೆ! ಪ್ರತಿದಿನ ಅದೇ ಆಸನವನ್ನು ಅದೇ ಕ್ರಮದಲ್ಲಿ ಮಾಡುವ ಗೋಕುಲಂನ ಅಭ್ಯಾಸಿ ಸ್ನಾಯುವಿನಷ್ಟೇ ಈ ಊಹೆಯನ್ನೂ ಪಳಗಿಸುತ್ತಾನೆ.

ಊಹೆಗೂ ನಮ್ಮ ಇಚ್ಛೆಗೂ ಸಿಗದ ಭಾಗವೊಂದಿದೆ. ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರ್ ರಕ್ತ ಕಾಲಿನತ್ತ ಇಳಿಯುತ್ತದೆ. ಕತ್ತಿನ ರಕ್ತನಾಳದ ಗೋಡೆಯಲ್ಲಿರುವ ನರತುದಿಗಳು ಒತ್ತಡದ ಇಳಿತವನ್ನು ಹಿಡಿದು, ಒಂದೆರಡು ಬಡಿತದೊಳಗೆ ಹೃದಯವನ್ನು ಚುರುಕುಗೊಳಿಸುತ್ತವೆ. ಶೀರ್ಷಾಸನದಲ್ಲಿ ಇದು ತಿರುಗುಮುರುಗು. ಯಾರ ಅಪ್ಪಣೆಯನ್ನೂ ಕಾಯದ ಈ ವ್ಯವಸ್ಥೆಯನ್ನು ಯೋಗಿ ಆಳಬಲ್ಲನೇ? 1935ರಲ್ಲಿ ಫ್ರೆಂಚ್ ವೈದ್ಯೆ ತೆರೆಸ್ ಬ್ರಾಸ್ ಇಸಿಜಿ ಯಂತ್ರದೊಂದಿಗೆ ಭಾರತಕ್ಕೆ ಬಂದರು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ, ಜೋಯಿಸರ ಗುರು ತಿರುಮಲೈ ಕೃಷ್ಣಮಾಚಾರ್ಯರೂ ಅವರು ಪರೀಕ್ಷಿಸಿದವರಲ್ಲಿ ಒಬ್ಬರು. ಹೃದಯ ನಿಂತಿತೆಂಬ ಸುದ್ದಿ ಹಬ್ಬಿತು. ವೆಂಗರ್, ಬಾಗ್ಚಿ, ಆನಂದ್ ಎಂಬ ಮೂವರು 1961ರಲ್ಲಿ ಪ್ರಕಟಿಸಿದ ಮರುಪರೀಕ್ಷೆ ಗಂಟು ಬಿಡಿಸಿತು: ಉಸಿರು ಬಿಗಿಹಿಡಿದು ಎದೆಯೊಳಗಿನ ಒತ್ತಡ ಏರಿಸಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗಿ, ನಾಡಿ ಬೆರಳಿಗೆ ಸಿಗದಾಗುತ್ತದೆ. ಇಸಿಜಿಯಲ್ಲಿ ಹೃದಯ ಮಿಡಿಯುತ್ತಲೇ ಇತ್ತು. ನೇರ ಆಜ್ಞೆಗೆ ಬಗ್ಗದ ಹೃದಯವನ್ನು ಉಸಿರಿನ ದಾರಿಯಿಂದ ತಲುಪಬಹುದು ಎಂಬುದೂ ಅದರಿಂದಲೇ ಖಚಿತವಾಯಿತು.

ಈ ಇಡೀ ಏರ್ಪಾಡಿನ ಕ್ಷೇಮಸಮಾಚಾರ ತಿಳಿಯಲು ಯಂತ್ರ ಬೇಡ. ಬ್ರೆಜಿಲ್‌ನ ಇನ್ನೊಂದು ತಂಡ 51ರಿಂದ 75 ವಯಸ್ಸಿನ 1,702 ಮಂದಿಯನ್ನು ಹತ್ತು ಸೆಕೆಂಡ್ ಒಂಟಿಕಾಲಲ್ಲಿ ನಿಲ್ಲಿಸಿ ನೋಡಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 51ರಿಂದ 55ರವರಲ್ಲಿ ಸೋತವರು ನೂರಕ್ಕೆ ಐವರು, 71ರಿಂದ 75ರವರಲ್ಲಿ ನೂರಕ್ಕೆ 54. ಸೋತವರಿಗೆ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯವೂ ಶೇ 84ರಷ್ಟು ಹೆಚ್ಚಿತ್ತು. ಕಾಲು ನಡುಗಿದ್ದರಿಂದ ಸಾವು ಬಂತು ಎಂದು ಇದರ ಅರ್ಥವಲ್ಲ. ಕಣ್ಣು, ಕಿವಿ, ಸ್ನಾಯು, ನರ, ಹೃದಯಗಳಲ್ಲಿ ಯಾವುದು ಸೊರಗಿದರೂ ಅದು ಮೊದಲು ಬಯಲಾಗುವ ಜಾಗಗಳಲ್ಲಿ ಇದೊಂದು. ಐವತ್ತು ದಾಟಿದವರು ಗೋಡೆಯ ಪಕ್ಕದಲ್ಲಿ, ಕಣ್ಣು ತೆರೆದು, ಒಮ್ಮೆ ನಿಂತು ನೋಡಬಹುದು. ಹತ್ತು ಎಣಿಸುವಷ್ಟರಲ್ಲಿ 8,600 ಕೋಟಿ ಕೋಶಗಳು ತಮ್ಮ ಲೆಕ್ಕ ಒಪ್ಪಿಸುತ್ತವೆ.